ಎಣಿಸುವ ಭಕ್ತರು

ಆರಗದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಚಿಕ್ಕ ಮಾದೇವರ ಗುಡಿ. ಅದರ ಪೂಜೆ ಮಾಡುವ ಗುರವ ಜ್ಯೋತೆಪ್ಪನಿಗೆ ಎಪ್ಪತ್ತು ದಾಟಿದೆ. ಬೆಳಿಗ್ಗೆ ಬಾವಿಯಿಂದ ನೀರು ಸೇದಿ, ಲಿಂಗಕ್ಕೆ ಎರೆದು, ಬುಟ್ಟಿಯಲ್ಲಿದ್ದಷ್ಟು ದಾಸವಾಳವನ್ನು ನಂದಿಗೆ ಏರಿಸಿ ಕೈಮುಗಿಯುವುದು ಅವನ ಜನ್ಮದ ಕೆಲಸ. ಎಷ್ಟೋ ವರ್ಷ ಆ ಪೂಜೆಗೆ ಅವನು, ದೇವರು, ಒಂದಿಷ್ಟು ಗುಬ್ಬಿ, ಇಷ್ಟೇ ಇದ್ದದ್ದು. ಈಗ ಆರು ತಿಂಗಳಿಂದ ಮಾತ್ರ ಹತ್ತು ಹನ್ನೆರಡು ಗಂಡಸರು ಮಿಂದು, ವಿಭೂತಿ ಹಚ್ಚಿಕೊಂಡು ಬಂದು ನಿಲ್ಲತೊಡಗಿದ್ದರು. ಮಂದಿಗೆ ದೇವರ ನೆನಪಾಯಿತೆಂದು ಮುದುಕ ಒಳಗೊಳಗೇ ಹಿಗ್ಗಿದ್ದ. ಒಂದೆರಡು ಸಲ ಮಂತ್ರವನ್ನು ಕೊಂಚ ಎಳೆದೂ ಹೇಳಿದ್ದ.

ಶ್ರಾವಣದ ಒಂದು ರವಿವಾರ ಸಂಜೆ ಶುಭಾಂಗಿ ಬಂದಳು. ಮಾಲಗಾಂವದ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವವಳು. ಅವಳ ಗಂಡ ಬಾಳು ಆರಗಕ್ಕೂ ಮಿರಜಿಗೂ ನಡುವೆ ಮಂದಿ ಹೊರುವ ವಡಾಪ್ ಗಾಡಿ ಓಡಿಸುತ್ತಾನೆ. ಆಕೆ ದೇವರಿಗೆ ಕೈಮುಗಿಯದೆ ಕಟ್ಟೆಯ ಮೇಲೆ ಕೂತಳು.

"ಕಾಕಾ, ನಾಳೆ ನಂದಿಗೆ ಎಷ್ಟು ಹೂ ಇಡ್ತೀರಿ?"

"ಅದನ್ನೇನ ಕೇಳ್ತಿ ತಂಗಿ? ಬುಟ್ಟಿಯಾಗ ಇದ್ದಷ್ಟು."

"ಒಂದೂ ಇಡಬ್ಯಾಡ್ರಿ. ನಿಮ್ಮ ಹೂವು ಎಣಿಸಿ ಇಲ್ಲಿ ಬರೂ ಗಂಡಸ್ರು ಮಟಕಾ ಆಡ್ತಾರ."

ಜ್ಯೋತೆಪ್ಪನಿಗೆ ಮೊದಲು ತಿಳಿಯಲಿಲ್ಲ. ಅವಳು ಬಿಡಿಸಿ ಹೇಳಿದಳು. ಮಾಘದಲ್ಲೊಂದು ದಿನ ಅವನು ನಂದಿಗೆ ಏಳು ಹೂ ಇಟ್ಟಿದ್ದನಂತೆ. ಅಂದು ಮಧ್ಯಾಹ್ನ ಮೂರಕ್ಕೆ ಮಟಕಾದಲ್ಲಿ ತೆರೆದ ಅಂಕಿಯೂ ಏಳೇ. ಬಾಳು ಗೆದ್ದ. ಅಂದಿನಿಂದ ಗುರವನ ಬೆರಳಲ್ಲಿ ದೇವರೇ ಅಂಕಿ ಕೊಡುತ್ತಾನೆಂದು ಬಸ್‌ಸ್ಟ್ಯಾಂಡಿನ ಗಂಡಸರೆಲ್ಲ ನಂಬಿದ್ದರು.

"ನಮ್ಮನಿಯವರು ಆಮ್ಯಾಲ ಎಷ್ಟೋ ಸಲ ಸೋತಾರ. ಕೇಳಿದ್ರ, ನಾನಽ ತಪ್ಪು ಎಣಿಸಿದೆ, ದೇವರ ತಪ್ಪಲ್ಲ ಅಂತಾರ. ನಾಳೆ ಸೋಮವಾರ, ದೇವರು ಸುಳ್ಳು ಆಡಂಗಿಲ್ಲಂತ. ಗಾಡಿ ಕಾಗದಾನೂ ಇಟ್ಟು ಆಡ್ತಾರಂತ್ರಿ. ಗಾಡಿ ಹೋದ್ರ ನಮ್ಮ ಹಂತ್ಯಾಕ ಏನೈತಿ?"

ಮುದುಕನ ಮುಖ ಬಾಡಿತು. ತಾನು ಹಿಗ್ಗಿದ್ದು ನೆನಪಾಗಿ ನಾಚಿಕೆಯೂ ಆಯಿತು.

"ಒಂದೂ ಇಡದಿದ್ರ ಸೊನ್ನೆ ಅಂತ ಆಡ್ತಾರವ್ವಾ. ಸೊನ್ನೇನೂ ಅಂಕೀನಽ."

ಶುಭಾಂಗಿ ಹಣೆ ಬಡಿದುಕೊಂಡಳು. "ಅಯ್ಯ ದೇವಾ!"

"ಹೂ ಬಿಟ್ರ ಗಂಟಿ ಎಣಿಸ್ತಾರ. ಗಂಟಿ ಬಿಟ್ರ ನಾ ಕೆಮ್ಮಿದ್ದು ಎಣಿಸ್ತಾರ. ನೀ ಮನಿಗೆ ನಡಿ ತಂಗಿ. ಅವನನ್ನ ಕೇಳ್ತೀನಿ," ಎಂದು ಮುದುಕ ಲಿಂಗದ ಕಡೆ ನೋಡಿದ.

ಸೋಮವಾರ ಗುಡಿ ತುಂಬಿತ್ತು. ಎಲ್ಲರ ಕಣ್ಣು ಅವನ ಕೈಮೇಲೆ. ಜ್ಯೋತೆಪ್ಪ ನೀರೆರೆದು ತಿರುಗಿದವನೇ ಹೂವಿನ ಬುಟ್ಟಿಯನ್ನು ಬಾಳುವಿನ ಕೈಗೆ ಕೊಟ್ಟ.

"ಇವತ್ತ ನಂದಿ ಪೂಜಿ ನೀ ಮಾಡು."

"ನಾ? ಎಷ್ಟು ಇಡಲಿ ಕಾಕಾ?"

"ನಿನ್ನ ಮನಸಿಗೆ ಬಂದಷ್ಟು."

ಬಾಳು ಒಂದಿಟ್ಟ, ಎರಡಿಟ್ಟ, ಮೂರಿಟ್ಟ. ನಾಲ್ಕನೆಯದು ಕೈಯಲ್ಲೇ ಉಳಿಯಿತು. ಇಟ್ಟ, ಮತ್ತೆ ತೆಗೆದ. ಹಣೆಯ ವಿಭೂತಿ ಬೆವರಿಗೆ ಇಳಿಯಿತು.

"ಇಡಲೇ ಬಾಳ್ಯಾ, ನಂದಿ ಎದ್ದು ಮೇಯಾಕ ಹೋದೀತು," ಎಂದ ಹಿಂದೆ ನಿಂತ ದರ್ಜಿ ಅಮಸಿದ್ದ.

"ನನಗ ಏನೂ ಹೊಳೀವಲ್ದು ಕಾಕಾ. ನಿಮಗ ಹೆಂಗ ಹೊಳೀತಿತ್ರಿ?"

"ನನಗ ಯಾವತ್ತ ಏನ ಹೊಳದೈತೋ? ಈ ಹೂ ಬರೂದು ಸಖುಬಾಯಿ ಹಿತ್ತಲದಿಂದ. ಆಕಿ ಆಡು ತಿಂದು ಬಿಟ್ಟಷ್ಟು ನಾ ತರ್ತೀನಿ."

"ಅವತ್ತ ಏಳು ಬಂದಿತ್ತಲ್ರಿ!"

"ಅವತ್ತ ಆಡಿಗೆ ಹೊಟ್ಟಿಬ್ಯಾನಿ. ಮೇದಿದ್ದಿಲ್ಲ."

ಗುಡಿಯೆಲ್ಲ ನಕ್ಕಿತು. "ನಡೀರೋ, ಇನ್ನ ಆಡಿನ ಪೂಜಿ ಮಾಡೂಣು," ಎಂದು ಅಮಸಿದ್ದ ಚಪ್ಪಲಿ ಮೆಟ್ಟಿದ. ಒಬ್ಬೊಬ್ಬರೇ ಹೋದರು. ನಗದವನು ಬಾಳು ಒಬ್ಬನೇ. ಅವನು ನಂದಿಯ ಮಗ್ಗುಲಲ್ಲಿ ಕುಸಿದು ಕೂತು, ಅಂಗಿಯೊಳಗಿನ ಗಾಡಿ ಕಾಗದ ತೆಗೆದು ಮುದುಕನ ಕಾಲ ಬಳಿ ಇಟ್ಟ.

"ಅಲ್ಲಿ ಯಾಕ ಇಡ್ತಿ? ಮನ್ಯಾಗ ಶುಭಾಂಗಿ ಅದಾಳ, ಆಕಿಗೆ ಕೊಡು."

"ಕೊಡ್ತೀನ್ರಿ. ಆದ್ರ ಮಧ್ಯಾಹ್ನ ಆತಂದ್ರ ಕೈ ನಿಲ್ಲೂದಿಲ್ಲ ಕಾಕಾ. ಬ್ಯಾಡ ಅಂದ್ರೂ ಕಾಲು ಆ ಮಟಕಾ ಬರಿಯೂ ಪಾನಪಟ್ಟಿ ಅಂಗಡಿ ಕಡೆ ನಡೀತಾವ."

"ಆ ಹೊತ್ತಿಗೆ ಇಲ್ಲಿ ಬಂದು ಕುಂದ್ರು. ಮಾದೇವ ಏನೂ ಕೇಳಂಗಿಲ್ಲ, ನಾನೂ ಕೇಳಂಗಿಲ್ಲ."

ಮಂಗಳವಾರ ಬಂದ. ಬುಧವಾರವೂ ಬಂದು, ಸುಮ್ಮನೆ ಗುಡಿಯ ಕಸ ಗುಡಿಸಿದ. ಗುರುವಾರ ಎರಡೂವರೆಯಾದರೂ ಸುಳಿವಿಲ್ಲ. ಜ್ಯೋತೆಪ್ಪ ಒಂದಿಷ್ಟು ಕಾದ. ಆಮೇಲೆ ಗುಡಿಯ ಬಾಗಿಲು ಎಳೆದುಕೊಂಡು, ಮೊಣಕಾಲು ಹಿಡಿದುಕೊಳ್ಳುತ್ತ, ಜೀವನದಲ್ಲಿ ಎಂದೂ ತುಳಿಯದ ಪಾನಪಟ್ಟಿಗೆ ಹೋದ.

ಬಾಳು ಬೆಂಚಿನ ಮೇಲಿದ್ದ. ಆಡಲು ಅಂಕಿ ಬರೆದ ಚೀಟಿ ಇನ್ನೂ ಮುಷ್ಟಿಯಲ್ಲೇ ಇತ್ತು. ಮುದುಕನನ್ನು ಕಂಡು ಎದ್ದು ನಿಂತ, ಮುಖ ಕೆಳಗೆ ಹಾಕಿದ.

"ನೀವ್ಯಾಕ ಬಂದ್ರಿ ಇಲ್ಲಿ? ಮಂದಿ ಏನಂದಾರು?"

"ನೀ ಬರಲಿಲ್ಲ, ಅದಕ್ಕ ಬಂದೆ. ಅತ್ತಾಗ ಸರದು ಕುಂದ್ರು. ನನಗೂ ಒಂದ ಚಾ ಹೇಳು."

ಮುದುಕ ಮುಷ್ಟಿಯ ಕಡೆ ನೋಡಲಿಲ್ಲ. ಚಾ ಊದಿ ಊದಿ ಕುಡಿದ. ಆಡಿಗೆ ಮರಿಯಾದದ್ದು ಹೇಳಿದ. ಹರಿಪುರದ ಸಂಗಮದಲ್ಲಿ ನೀರು ಏರಿದೆಯಂತೆ, ಮಂದಿಯನ್ನು ದೇವರು ಕಾಯಲಿ ಎಂದ. ಒಳಗೆ ಯಾರೋ ಅಂಕಿ ಕೂಗಿದರು. ಒಬ್ಬ ಹಲ್ಲು ಕಡಿದ, ಒಬ್ಬ ಹಾರಿದ. ಬಾಳುವಿನ ಮುಷ್ಟಿ ಮಾತ್ರ ಮುಚ್ಚಿಯೇ ಇತ್ತು. ಕಡೆಗೆ ಅವನು ಮುಷ್ಟಿ ಬಿಚ್ಚಿ ತೋರಿಸಿದ.

"ಕೊಡಲಿಲ್ಲ ಕಾಕಾ, ಚೀಟಿ."

"ನೋಡಿದ್ನಲ್ಲ."

"ನಾಳೆ ಮತ್ತ ಕಾಲು ಇಲ್ಲೇ ಬಂದ್ರ?"

"ನಾನೂ ಬರ್ತೀನಿ. ಆದ್ರ ನಡಿಯಾಕ ಆಗಂಗಿಲ್ಲೋ, ಮೊಣಕಾಲು ಸತ್ತಾವ. ಗುಡಿ ತನಕ ಗಾಡಿ ತಂದು ಕರಕೊಂಡ ಬಾ."

ಬಾಳುವಿಗೆ ಅಳುವೂ ನಗುವೂ ಒಟ್ಟಿಗೆ ಬಂದವು.

ಮರುದಿನ ಎರಡೂವರೆಗೆ ಗಾಡಿ ಗುಡಿಯ ಮುಂದೆ ನಿಂತಿತು. ಮುದುಕನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂಡಿಸಿ ಬಾಳು ಕೇಳಿದ: "ಪಾನಪಟ್ಟಿಗಿ ಬ್ಯಾಡ್ರಿ ಕಾಕಾ. ಮಾಲಗಾಂವಕ್ಕ ಹೋಗೂಣೇನು? ಅಷ್ಟೊತ್ತಿಗೆ ಶುಭಾಂಗಿ ಕೆಲಸಾನೂ ಮುಗೀತೈತಿ. ಬಸ್ಸಿಗೆ ಯಾಕ ನಿಂದ್ರಬೇಕು ಆಕಿ?"

"ಹೊಡಿ ಗಾಡಿ," ಎಂದ ಜ್ಯೋತೆಪ್ಪ.