ಅಣ್ಣನ ಕಿವಿಗೆ ಉಳಿದ ಹಾಡು

ರ‍್ಯಾಪ್ ಎಂದರೆ ಹರಾಜು ಕೂಗುವುದು ಎಂದು ನನ್ನ ಅಣ್ಣ ಹೇಳುತ್ತಿದ್ದ. ರಾಕ್ ಎಂದರೆ ಅರಿವಳಿಕೆ ಇಲ್ಲದೆ ಹಲ್ಲು ಕೀಳಿಸಿಕೊಳ್ಳುವವನ ಅರಚಾಟ ಎಂದು ನಾನು ಹೇಳುತ್ತಿದ್ದೆ. ಈ ಜಗಳ ನನಗೆ ಮೀಸೆ ಮೂಡುವ ಮೊದಲೇ ಶುರುವಾಗಿ, ಇಬ್ಬರ ಮೂಗಿನ ಮೇಲೂ ಕನ್ನಡಕ ಬಂದು ಕೂತ ಮೇಲೂ ನಡೆದೇ ಇತ್ತು.

ಅಣ್ಣ ಗಿಟಾರ್ ರಿಪೇರಿ ಮಾಡುವವನು. ವಾದ್ಯಗಳ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಅಂಟು ಮತ್ತು ಮರದ ಹೊಟ್ಟಿನ ವಾಸನೆಯ ನಡುವೆ, ಕಿಟಕಿಯ ಪಕ್ಕದ ಬೆಂಚು ಅವನದು. ತಲೆಯ ಮೇಲಿನ ಕಂಬಿಯಿಂದ ಗಿಟಾರುಗಳು ಕತ್ತು ಸಿಕ್ಕಿಸಿಕೊಂಡು ನೇತಾಡುತ್ತಿದ್ದವು. ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅಲ್ಲಿ ಇಡೀ ದಿನ ಯಾರೊಂದಿಗೂ ಮಾತಿಲ್ಲ. ಸಂಜೆ ಅಣ್ಣನ ಜೊತೆ ಮನೆಗೆ ಹೋಗಲೆಂದು ಆ ಕೋಣೆಗೆ ಕಾಲಿಟ್ಟ ಮೇಲೆಯೇ ನನ್ನ ಬಾಯಿ ಬಿಚ್ಚುತ್ತಿದ್ದುದು.

"ಇದನ್ನ ಕೇಳು" ಎಂದು ಅವನು ಒಂದು ತಂತಿಯನ್ನು ಮೀಟಿ, ಒತ್ತಿದ ಬೆರಳಿನಿಂದಲೇ ಅದನ್ನು ಪಕ್ಕಕ್ಕೆ ಎಳೆಯುತ್ತಿದ್ದ. ಸ್ವರ ನಿಧಾನವಾಗಿ ಮೇಲಕ್ಕೆ ಜಾರಿ, ಮುಂದಿನದನ್ನು ಮುಟ್ಟುವ ಮುನ್ನ ಒಂದು ಕ್ಷಣ ತಡೆಯುತ್ತಿತ್ತು. "ಅಳು ಬರೋಕೆ ಮುಂಚೆ ಗಂಟಲು ಹೀಗೇ ಮಾಡತ್ತೆ. ನಿನ್ನ ರ‍್ಯಾಪ್‌ನೋನು ಎಷ್ಟು ಬಾಯಿ ಬಡ್ಕೊಂಡ್ರೂ ಇದು ಬರತ್ತಾ?"

"ನಿನ್ನೋರು ನಾಲ್ಕು ಪದ ಇಟ್ಕೊಂಡು ಊರೆಲ್ಲ ಎಳೀತಾರೆ. ನಮ್ಮೋರ ಮಾತಲ್ಲೇ ತಾಳ ಇದೆ ಅಣ್ಣ. ಡ್ರಮ್ ಬಂದು ಕಾಯ್ತಾ ನಿಂತಿರತ್ತೆ, ಮಾತು ಬೇಕಂತಲೇ ತಡವಾಗಿ ಬರತ್ತೆ. ಆ ತಡದಲ್ಲೇ ಸಂಗೀತ ಇರೋದು."

"ತಡವಾಗಿ ಬರೋದೇ ಸಂಗೀತ ಆದ್ರೆ, ನಮ್ಮ ಯಜಮಾನ್ರು ಕೊಡೋ ಸಂಬಳಾನೂ ಸಂಗೀತಾನೇ ಬಿಡು."

"ಕೇಳಿಸ್ತು" ಎಂದು ಮುಂದಿನ ಅಂಗಡಿಯಿಂದ ಯಜಮಾನರ ದನಿ ಬರುತ್ತಿತ್ತು.

"ಕೇಳಿಸ್ಲಿ ಅಂತಾನೇ ಹೇಳಿದ್ದು" ಎನ್ನುತ್ತಿದ್ದ ಅಣ್ಣ. ಆಮೇಲೆ ನನ್ನತ್ತ ತಿರುಗಿ, "ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ. ರಾಗ ಹಿಡಿಯೋಕೆ ಬರ್ದೋರೆಲ್ಲ ಸೇರ್ಕೊಂಡು ರಾಗಾನೇ ಬೇಡ ಅಂದ್ಬಿಟ್ರು. ಅದೇ ನಿಮ್ಮ ರ‍್ಯಾಪು" ಎಂದು ಸೊಳ್ಳೆ ಹೊಡೆದಷ್ಟು ಸಲೀಸಾಗಿ ಮುಗಿಸುತ್ತಿದ್ದ.

ಆಮೇಲೆ ಅಣ್ಣನಿಗೆ ಮೆದುಳುಜ್ವರ ಬಂತು. ಪ್ರಾಣ ಉಳಿಯಿತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನು ಮೊದಲು ಕೇಳಿದ ಮಾತು, "ಯಾಕೆ ಎಲ್ರೂ ಬರೀ ಬಾಯಿ ಆಡಿಸ್ತಿದೀರ?" ಎಂದು. ಅತ್ತಿಗೆ ಆಗ ಅವನ ಭುಜ ಹಿಡಿದು "ರೀ, ರೀ" ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗುತ್ತಿದ್ದರು.

ಎರಡೂ ಕಿವಿ ಹೋಗಿದ್ದವು. ಒಂದು ಕಿವಿಗೆ ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಕೂದಲೆಳೆಯಂಥ ಸರಿಗೆ ಇಳಿಸಿದರು. ಹೊರಗೆ, ಕಿವಿಯ ಹಿಂದೆ, ಬಟಾಣಿ ಸಿಪ್ಪೆಯಂಥದೊಂದು ಯಂತ್ರ. ಅದು ಸದ್ದನ್ನು ವಿದ್ಯುತ್ತಾಗಿಸಿ ನೇರವಾಗಿ ನರಕ್ಕೆ ಕೊಡುತ್ತದೆ. ಮೊದಲ ಸಲ ಅದನ್ನು ಚಾಲೂ ಮಾಡಿದ ದಿನ ಅತ್ತಿಗೆ ಎದುರು ಕೂತು, "ನನ್ನ ದನಿ ಹೇಗಿದೆ?" ಎಂದರು.

ಅಣ್ಣ ಬಹಳ ಹೊತ್ತು ಯೋಚಿಸಿದ. "ಬಾತುಕೋಳಿ ಥರ."

"ಮದುವೆಯಾದಾಗಿಂದ ಅದನ್ನೇ ಅಂತಿದೀರಿ. ಕಿವಿ ಸರಿಹೋಯ್ತು ಬಿಡಿ" ಎಂದು ಅತ್ತಿಗೆ ನಕ್ಕು, ಹಾಗೇ ಎದ್ದು ಕಿಟಕಿಯ ಹತ್ತಿರ ಹೋದರು.

ಕ್ರಮೇಣ ಬಾತುಕೋಳಿಗಳೆಲ್ಲ ಮನುಷ್ಯರಾದರು. ಅಣ್ಣನಿಗೆ ಮಾತು ತಿಳಿಯತೊಡಗಿತು. ಎದುರಿಗೆ ಕೂತು ಬಾಯಿ ಕಾಣುವಂತೆ ಮಾತಾಡಿದರೆ ಒಂದು ಪದವೂ ತಪ್ಪುತ್ತಿರಲಿಲ್ಲ. ಬಂದವರೆಲ್ಲ, ವಿಜ್ಞಾನ ಎಲ್ಲಿಂದ ಎಲ್ಲಿಗೆ ಬಂತು ನೋಡಿ ಎಂದು ಹೊಗಳಿ ಹೋದರು. ಅವರು ಹೋದ ಮೇಲೆ ಅಣ್ಣ ಗೋಡೆಗೆ ಒರಗಿಸಿದ್ದ ತನ್ನ ಗಿಟಾರನ್ನು ಎತ್ತಿಕೊಂಡು ಒಂದೊಂದೇ ತಂತಿ ಮೀಟುತ್ತಿದ್ದ. "ಡಬ್ಬದಲ್ಲಿ ಮೊಳೆ ಅಲ್ಲಾಡಿಸಿದ ಹಾಗಿದೆ" ಎಂದ. ದಪ್ಪ ತಂತಿಯೂ ಅದೇ ಮೊಳೆ, ಸಣ್ಣ ತಂತಿಯೂ ಅದೇ ಮೊಳೆ.

ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವ ಮೇಡಂ ಮುಚ್ಚುಮರೆ ಮಾಡಲಿಲ್ಲ. "ಈ ಯಂತ್ರ ಮಾಡಿರೋದು ಮಾತಿಗೆ. ಮಾತು, ತಾಳ, ಇವೆರಡನ್ನೂ ಚೆನ್ನಾಗಿ ತಲುಪಿಸತ್ತೆ. ಸ್ವರದ ಏರಿಳಿತ ತಲುಪಿಸೋದು ಕಷ್ಟ. ಪಿಯಾನೋ ಮೇಲೆ ಬೆರಳಿನ ಬದಲು ಮುಷ್ಟಿ ಇಟ್ಟ ಹಾಗೆ. ಅಭ್ಯಾಸ ಮಾಡಿದ್ರೆ ಕೆಲವರಿಗೆ ಸ್ವಲ್ಪ ಬರತ್ತೆ."

"ಕೆಲವರಿಗೆ" ಎಂಬುದನ್ನು ಅಣ್ಣ ಕೇಳಿಸಿಕೊಂಡ. "ಸ್ವಲ್ಪ" ಎಂಬುದನ್ನು ಬಹುಶಃ ನಾವಿಬ್ಬರೂ ಕೇಳಿಸಿಕೊಳ್ಳಲಿಲ್ಲ.

ಒಂದು ರಜಾದಿನ ಬೆಳಿಗ್ಗೆ ನಾನು ಗಡ್ಡ ಹೆರೆದುಕೊಳ್ಳುತ್ತ ಫೋನಿನಲ್ಲಿ ರ‍್ಯಾಪ್ ಹಾಕಿಕೊಂಡಿದ್ದೆ. ಅಣ್ಣ ಬಂದು ಬಾಗಿಲ ಹತ್ತಿರ ನಿಂತ. ಅವನ ಬೆರಳು ಚೌಕಟ್ಟಿನ ಮೇಲೆ ತಾಳ ಹಾಕತೊಡಗಿತು. ಸರಿಯಾದ ತಾಳ. ಆಮೇಲೆ ಅವನ ತುಟಿ ಸಾಲಿನ ಕೊನೆಯ ಪದಗಳನ್ನು ಜೊತೆಯಲ್ಲೇ ಹೇಳಿತು.

"ಇದು ಬರ್ತಿದೆ ಕಣೋ" ಎಂದ. ಜ್ವರ ಬಂದಂದಿನಿಂದ ಅವನ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. "ಇದು ಪೂರ್ತಿ ಬರ್ತಿದೆ."

ನಾನು ಹಾಡು ನಿಲ್ಲಿಸಿಬಿಟ್ಟೆ.

"ಯಾಕೆ ನಿಲ್ಲಿಸ್ದೆ?"

"ಚಾರ್ಜ್ ಇಲ್ಲ" ಎಂದು ಸುಳ್ಳು ಹೇಳಿದೆ. ಇಷ್ಟು ವರ್ಷ ಜಗಳವಾಡಿದ್ದು ಹೀಗೆ ಗೆಲ್ಲುವುದಕ್ಕೆ ಆಗಿರಲಿಲ್ಲ.

ಅಂದೇ ಸಂಜೆ ಸ್ವರದ ಅಭ್ಯಾಸ ಶುರುಮಾಡಿದೆವು. ಅವಸರಕ್ಕೆ ಇನ್ನೊಂದು ಕಾರಣವೂ ಇತ್ತು: ಯಜಮಾನರು ನೋಡಲು ಬಂದಾಗ ಹೇಳಿ ಹೋಗಿದ್ದರು, "ಕಿವಿ ಬಂದ್ರೆ ಬೆಂಚು ನಿನ್ನದೇ. ಮೀಟರ್ ನೋಡ್ಕೊಂಡು ಶ್ರುತಿ ಮಾಡೋಕೆ ಯಾರು ಬೇಕಾದ್ರೂ ಸಿಗ್ತಾರಪ್ಪ. ತಂತಿ ಎಲ್ಲಿ ಸುಳ್ಳು ಹೇಳ್ತಿದೆ ಅಂತ ಹೇಳೋಕೆ ನೀನೇ ಬೇಕು." ಅವರು ಒಳ್ಳೆಯವರು. ಬೆಂಚನ್ನು ಖಾಲಿ ಇಟ್ಟುಕೊಂಡು ಕಾಯುತ್ತಿದ್ದರು. ಎಷ್ಟು ದಿನ ಎಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ಮೇಜಿನ ಮೇಲೆ ಒಂದು ದೊಡ್ಡ ರಟ್ಟು ನಿಲ್ಲಿಸಿ, ಅದರ ಹಿಂದೆ ನಾನು ಗಿಟಾರ್ ಇಟ್ಟುಕೊಂಡು ಕೂರುತ್ತಿದ್ದೆ. ರಟ್ಟು ನನ್ನ ಕತ್ತಿನವರೆಗೆ ಬರುತ್ತಿತ್ತು, ನನ್ನ ಬೆರಳು ಅವನಿಗೆ ಕಾಣುತ್ತಿರಲಿಲ್ಲ. ಎರಡು ಸ್ವರ ಮೀಟುವುದು. ಎರಡನೆಯದು ಮೇಲೋ ಕೆಳಗೋ ಅವನು ಹೇಳುವುದು. ಮೊದಮೊದಲು ಕುರುಡು ಲೆಕ್ಕ. ಅತ್ತಿಗೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮುಗಿಸಿ ಬಂದು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. "ಮೇಲೆ, ಕೆಳಗೆ, ಮೇಲೆ, ಕೆಳಗೆ. ಲಿಫ್ಟ್ ನಡೆಸೋರ ಮನೆ ಆಗಿದೆ ನಮ್ಮದು" ಎನ್ನುತ್ತಿದ್ದರು.

ಆಮೇಲೆ ಅದು ಬರತೊಡಗಿತು. ಒಂದು ಸಂಜೆ ಅರ್ಧಕ್ಕಿಂತ ಹೆಚ್ಚು ಸರಿಯಾಯಿತು. ಮುಂದಿನ ವಾರ ಇನ್ನೂ ಹೆಚ್ಚು. ಕೊನೆಕೊನೆಗೆ ಅಕ್ಕಪಕ್ಕದ ಸ್ವರಗಳನ್ನೂ ಗುರುತಿಸುತ್ತಿದ್ದ. "ಈಗ ಮೊಳೆ ಅಲ್ಲ ಕಣೋ. ನಿಜವಾಗ್ಲೂ ಏರ್ತಿದೆ, ಕೇಳಿಸ್ತಿದೆ" ಎಂದು ಮೇಜು ಗುದ್ದಿದ. ಅತ್ತಿಗೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದರು. ಯಜಮಾನರಿಗೆ ಅಣ್ಣನೇ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಒಂದು ಪರೀಕ್ಷೆ ಮುಗಿಸಿಕೊಂಡು ಬಂದುಬಿಡುತ್ತೇನೆ ಎಂದ.

ಪರೀಕ್ಷೆಯ ದಿನ ಅತ್ತಿಗೆ ಇಸ್ತ್ರಿ ಮಾಡಿಕೊಟ್ಟ ಅಂಗಿ ತೊಟ್ಟು, ಗಿಟಾರನ್ನೂ ಹೊತ್ತು ಹೊರಟ. ಮೇಡಂ ಅವನನ್ನು ದಪ್ಪ ಬಾಗಿಲಿನ ಸಣ್ಣ ಕೋಣೆಯಲ್ಲಿ ಕೂರಿಸಿ ಸ್ಪೀಕರಿನಿಂದ ಸ್ವರ ಬಿಟ್ಟರು. ಹೊರಗೆ ಬಂದಾಗ ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ಹೋದ ಸಲದ ಹಾಗೇ ಇದೆ" ಎಂದರು.

"ಅದು ಬರೀ ಬೀಪ್ ಮೇಡಂ" ಎಂದೆ ನಾನು. "ಗಿಟಾರಲ್ಲಿ ನೋಡಿ. ಮನೇಲಿ ಒಂದೂ ತಪ್ಪೋದಿಲ್ಲ."

ಅವರು ಬೇಡವೆನ್ನಲಿಲ್ಲ. ಅವರ ಮೇಜಿನ ಕೋಣೆಯಲ್ಲಿ ಒಂದು ದೊಡ್ಡ ಫೈಲನ್ನು ಅಡ್ಡ ನಿಲ್ಲಿಸಿ ನಾನು ಮೀಟತೊಡಗಿದೆ. ಅಣ್ಣ ಎದುರು ಕೂತು ಹೇಳಿದ. ಮೇಲೆ. ಮೇಲೆ. ಕೆಳಗೆ. ಎಲ್ಲವೂ ಸರಿ. ನಾನು ಹೆಮ್ಮೆಯಿಂದ ಮೇಡಂ ಕಡೆ ನೋಡಿದೆ. ಅವರು ಅಣ್ಣನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

"ನಾನು ಮೀಟ್ಲಾ? ಎಲ್ಲಿ ಒತ್ತಬೇಕು ಅಂತ ತೋರಿಸಿ" ಎಂದರು. ತೋರಿಸಿ, ಬೀರುವಿನ ಪಕ್ಕ ಹೋಗಿ ನಿಂತೆ. ಮೊದಲ ಕೆಲವನ್ನು ಅಣ್ಣ ತಪ್ಪು ಹೇಳಿದ. ಮೇಡಂ ಮುಖವನ್ನು ನೋಡಿದ, ಮೇಜನ್ನು ನೋಡಿದ, ಆಮೇಲೆ ನನ್ನ ಕಡೆ ನೋಡಿದ. ಅಲ್ಲಿಂದ ಮುಂದೆ ಮತ್ತೆ ಎಲ್ಲವೂ ಸರಿಯಾದವು. ನನಗೆ ಕುಣಿಯುವಷ್ಟು ಖುಷಿಯಾಯಿತು. ಮೇಡಂ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದರು.

"ನೀವು ಒಂದು ನಿಮಿಷ ಹೊರಗೆ ಇರ್ತೀರಾ?"

ಹೊರಗೆ ಉದ್ದನೆಯ ಓಣಿ, ಗೋಡೆಗೆ ಹೊಂದಿಸಿದ ಕುರ್ಚಿಗಳು, ಫಿನಾಯಿಲ್ ವಾಸನೆ. ಬಾಗಿಲು ತೆಳ್ಳಗಿತ್ತು. ಒಳಗೆ ಒಂದು ಸ್ವರ ಮಿಡಿಯಿತು, ಅದರ ಹಿಂದೆಯೇ ಅದಕ್ಕಿಂತ ಎತ್ತರದ ಇನ್ನೊಂದು.

"ಕೆಳಗೆ" ಎಂದ ಅಣ್ಣ.

ಬಾಯಿ ತಪ್ಪಿರಬೇಕು ಎಂದುಕೊಂಡೆ. ಮತ್ತೆ ಎರಡು ಸ್ವರ. ಈ ಸಲವೂ ಮೇಲಕ್ಕೇ. "ಇನ್ನೊಂದ್ಸಲ" ಎಂದ. ಮೇಡಂ ಮತ್ತೆ ಮೀಟಿದರು. "ಕೆಳಗೆ?" ಎಂದ. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಒಳಗಿಂದ ಮತ್ತೊಂದು ಜೋಡಿ ಬಂತು. ಸ್ವರ ಮೇಲೇರಿದ ಹಾಗೆಯೇ ನನ್ನ ಗದ್ದ ತಾನಾಗಿ ಮೇಲೆದ್ದಿತು, ಹುಬ್ಬೂ ಎದ್ದಿತು, ಉಸಿರು ಒಳಗೆ ಹೋಯಿತು. ಮುಂದಿನ ಜೋಡಿ ಇಳಿಯಿತು, ಗದ್ದವೂ ಇಳಿಯಿತು. ಖಾಲಿ ಓಣಿಯಲ್ಲಿ, ಯಾರೂ ನೋಡುವವರಿಲ್ಲದೆ, ನನ್ನ ಮುಖ ಉತ್ತರ ಹೇಳುತ್ತಿತ್ತು. ಬಾಗಿಲ ಆಚೆ ಅಣ್ಣ ಒಂದು ಸರಿ, ಒಂದು ತಪ್ಪು, ಎರಡು ತಪ್ಪು, ಒಂದು ಸರಿ, ಹೀಗೆ ನಾಣ್ಯ ಚಿಮ್ಮಿದಂತೆ ಹೇಳುತ್ತ ಹೋದ.

ಒಳಗೆ ಕರೆದಾಗ ಅವನು ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದ. ಜಿಪ್ ಸಿಕ್ಕಿಕೊಂಡಿತ್ತು.

"ನಾನು ಮೋಸ ಮಾಡ್ಲಿಲ್ಲ ಮೇಡಂ" ಎಂದ. "ನಂಗೆ ಕಿವೀಲೇ ಕೇಳಿಸ್ತಿತ್ತು. ಏರಿದ ಹಾಗೆ, ಇಳಿದ ಹಾಗೆ."

"ಗೊತ್ತು. ಮೋಸ ಯಾರೂ ಮಾಡಿಲ್ಲ. ಮುಖ ನೋಡಿ ಮಾತು ತಿಳ್ಕೊಳೋ ಅಭ್ಯಾಸ ಆದೋರಿಗೆ, ಕಣ್ಣಿಗೆ ಕಂಡದ್ದೂ ಕಿವಿಗೆ ಕೇಳಿಸಿದ ಹಾಗೇ ಇರತ್ತೆ. ಇವ್ರಿಗೂ ತಾವು ತೋರಿಸ್ತಿದೀವಿ ಅಂತ ಗೊತ್ತಿರಲ್ಲ."

"ಇನ್ನೂ ಅಭ್ಯಾಸ ಮಾಡಿದ್ರೆ? ಬೆನ್ನು ತಿರುಗಿಸ್ಕೊಂಡು ಮಾಡಿದ್ರೆ?"

ಮೇಡಂ ಸಿಕ್ಕಿಕೊಂಡ ಜಿಪ್ಪನ್ನು ಬಿಡಿಸಿಕೊಟ್ಟರು. "ಮಾತು ಇನ್ನೂ ಸ್ಪಷ್ಟ ಆಗತ್ತೆ" ಎಂದರು. ಅಣ್ಣ ಉಳಿದರ್ಧಕ್ಕೆ ಕಾದ. ಅವರು ಚೀಲವನ್ನು ಅವನ ಕೈಗೆ ಕೊಟ್ಟರು.

ಬಸ್ಸಿನಲ್ಲಿ ಗಿಟಾರನ್ನು ಮೊಣಕಾಲುಗಳ ನಡುವೆ ಹಿಡಿದು ಕೂತಿದ್ದ. ಬಹಳ ದೂರ ಬಂದ ಮೇಲೆ, "ಯಜಮಾನ್ರಿಗೆ ನೀನೇ ಹೇಳ್ಬಿಡು" ಎಂದ. ನಾನು ತಲೆಯಾಡಿಸಿದೆ. ಹೇಳುವುದೆಂದರೆ ಏನು ಹೇಳುವುದು ಎಂದು ಇಬ್ಬರಿಗೂ ಗೊತ್ತಿತ್ತು.

ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ್ರು?"

"ಇವನ ಮುಖಾನೇ ಕೇಳ್ತಿದ್ನಂತೆ ಕಣೇ ನಾನು, ಇಷ್ಟು ದಿನ."

ಅವರಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಅತ್ತಿಗೆ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ಆ ನೋಟದಲ್ಲಿ ಕೋಪವಿದ್ದಿದ್ದರೆ ಒಳ್ಳೆಯದಿತ್ತು. ಒಳಗೆ ಹೋಗಿ ನಲ್ಲಿ ಬಿಟ್ಟು ಪಾತ್ರೆ ತೊಳೆಯತೊಡಗಿದರು.

ಅಣ್ಣ ಮೇಜಿನ ಮುಂದೆ ಕೂತ. "ಹಾಕು ನಿನ್ನದು" ಎಂದ.

"ಈಗ ಬೇಡ ಅಣ್ಣ."

"ಹಾಕು ಅಂದ್ನಲ್ಲ."

ಹಾಕಿದೆ. ಅವನು ಕಣ್ಣು ಮುಚ್ಚಿ, ಅಂಗೈಯನ್ನು ಮೇಜಿನ ಮೇಲೆ ಅಗಲವಾಗಿ ಇಟ್ಟುಕೊಂಡು ಕೇಳಿದ. ಗಿಟಾರಿನ ಬಿರುಕು ಹುಡುಕುವಾಗ ಕೂರುತ್ತಿದ್ದ ಹಾಗೆಯೇ ಕೂತಿದ್ದ. "ಇಲ್ನೋಡು" ಎಂದ. "ಪ್ರಾಸ ಸಾಲಿನ ಕೊನೇಲಿ ಬರತ್ತೆ ಅಂತ ನಾವು ಕಾಯ್ತಿರ್ತೀವಿ. ಇವನು ಅದನ್ನ ನಡುವೇನೇ ಇಟ್ಟು ಮುಂದೆ ಹೋಗ್ಬಿಟ್ಟ. ತಾಳ ಬರೋ ಹೊತ್ತಿಗೆ ಮಾತು ಇಲ್ಲ. ಒಳ್ಳೆ ಕೆಲಸಗಾರ." ಎಷ್ಟೋ ಸಲ ಕೇಳಿದ್ದ ಆ ಹಾಡಿನಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. "ನೀನೇ ಗೆದ್ದೆ ಬಿಡು. ಇದೇ ದೊಡ್ಡ ಸಂಗೀತ."

"ಇಲ್ಲ" ಎಂದು ಹಾಡು ನಿಲ್ಲಿಸಿದೆ. "ಇದ್ರಲ್ಲಿ ಏನಿದೆ? ಬರೀ ಮಾತು. ಒಂದು ಸ್ವರ ಇನ್ನೊಂದರ ಹತ್ರ ಹೋಗೋದೇ ಇಲ್ಲ. ನಿನ್ನ ಹಾಡಲ್ಲಿ, ಬೆಂಚಲ್ಲಿ ಕೂತು ದಿನಾ ನುಡಿಸ್ತಿದ್ಯಲ್ಲ ಆ ಹಳೇ ಹಾಡಲ್ಲಿ, ಎರಡನೇ ಸಲ ಗಿಟಾರ್ ಬರತ್ತಲ್ಲ, ಅದರ ಮುಂದೆ ಇದು ಎಲ್ಲಿ?"

"ಹೇಗೆ ಬರತ್ತೆ ಅದು?" ಎಂದ ಅಣ್ಣ. ತಮಾಷೆಗೆ ಕೇಳಲಿಲ್ಲ.

"ಅದು... ಮೊದಲು ಒಂದೇ ಕಡೆ ನಿಂತಿರತ್ತೆ. ಆಮೇಲೆ ಏರತ್ತೆ. ಏರಿ, ಸಿಕ್ಕೇಬಿಡ್ತು ಅನ್ನುವಾಗ ಹಿಂದಕ್ಕೆ..." ನನ್ನ ಕೈ ಗಾಳಿಯಲ್ಲಿ ಏರಿ ನಿಂತಿತು. ದಿನವಿಡೀ ಪದಗಳನ್ನು ತಿದ್ದುವವನಿಗೆ ಒಂದು ಪದವೂ ಸಿಗಲಿಲ್ಲ.

"ಹೀಗಾ?" ಎಂದು ಅವನು ಗುನುಗಿದ.

ಮೊದಲ ಒಂದೆರಡು ಸ್ವರ ಸರಿಯಿದ್ದವು. ಏರಬೇಕಾದಲ್ಲಿ ದನಿ ಪಕ್ಕಕ್ಕೆ ಸರಿಯಿತು, ಇನ್ನೆಲ್ಲೋ ಇಳಿಯಿತು, ಯಾವ ಹಾಡೂ ಅಲ್ಲದ ಕಡೆ ಅಲೆಯತೊಡಗಿತು. ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗುನುಗುತ್ತಲೇ ಅವನು ಕಣ್ಣು ತೆರೆದು ನನ್ನ ಮುಖವನ್ನು ನೋಡಿದ. ಒಳಗೆ ಪಾತ್ರೆಗಳ ಸದ್ದು ನಿಂತಿತು.

ನಾನು ಗದ್ದವನ್ನು ಎದೆಗೊತ್ತಿಕೊಂಡು ಮೇಜಿನ ಮೇಲಿದ್ದ ಫೋನನ್ನು ನೋಡುತ್ತ ಕೂತೆ. ಅಣ್ಣ ಒಂದು ಕ್ಷಣ ತಡೆದ. ಆಮೇಲೆ, ಎಲ್ಲಿ ತಪ್ಪಿತೋ ತಿಳಿಯದೆ, ಮತ್ತೆ ಮೊದಲಿನಿಂದ ಶುರುಮಾಡಿದ.