ಉಪ್ಪುಕಾಗದ

ಪಾರ್ಸೆಲ್ ಬಂದಾಗ ಅದನ್ನು ತರಿಸಿದವನು ಮಣ್ಣು ಸೇರಿ ತಿಂಗಳು ಕಳೆದಿತ್ತು. ಸೊಸೆ ಬಾಗಿಲಲ್ಲೇ ಸಹಿ ಹಾಕಿ, ಉದ್ದನೆಯ ರಟ್ಟಿನ ಕೊಳವೆಯನ್ನು ಒಳಗೆ ತಂದಳು. ಒಳಗಿದ್ದುದು ಗಾಳದ ರಾಡಿನ ಬರೀ ಕೋಲು, ಕಾರ್ಕಿನ ಹಿಡಿ, ದಾರ ಹಾಯುವ ಉಂಗುರಗಳು, ಒಂದು ಡಬ್ಬಿ ಅಂಟು. ಗಂಡ ತನ್ನ ರಾಡನ್ನು ತಾನೇ ಕಟ್ಟಿಕೊಂಡಿದ್ದ. ಮುಂದಿನದು ಅಪ್ಪನಿಗೆ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದ.

"ಬಿಸಾಕು ಅದನ್ನ," ಎಂದರು ಅತ್ತೆ. "ಈ ಮನೆಗೆ ಇನ್ನು ಮೀನೂ ಬೇಡ, ನೀರೂ ಬೇಡ."

ಸೊಸೆ ಬಿಸಾಡಲಿಲ್ಲ. ಹೊಲಿಗೆ ಮಿಷನ್ನಿನ ಹಿಂದೆ ಒರಗಿಸಿಟ್ಟಳು.

ಅವನು ಸತ್ತ ದಿನ ಬಂದರಿನ ಕಲ್ಲುಕಟ್ಟೆಯ ಮೇಲೆ ಇದ್ದವರು ಅಪ್ಪ ಮಗ ಇಬ್ಬರೇ. ಮಗನ ಗಾಳ ಕೆಳಗೆ ಕಲ್ಲಿಗೆ ಸಿಕ್ಕಿಕೊಂಡಿತ್ತು. ರಾಡನ್ನು ಅಪ್ಪನ ಕೈಗೆ ಕೊಟ್ಟು, ದಾರ ಬಿಡಿಸಲು ಇಳಿದ. ಪಾಚಿಗೆ ಕಾಲು ಜಾರಿ ನೀರಿಗೆ ಬಿದ್ದ. ಅಪ್ಪ ಹೊಟ್ಟೆಯ ಮೇಲೆ ಮಲಗಿ ಅದೇ ರಾಡನ್ನು ಚಾಚಿದರು, ಮಗ ತುದಿ ಹಿಡಿದುಕೊಂಡ. ಆಮೇಲೇನಾಯಿತೆಂದು ಎಲ್ಲರೂ ಕೇಳಿದರು. ಮಾವ ಹೇಳಿದ್ದು ಒಂದೇ ಮಾತು: "ಕೈ ಜಾರ್ತು." ಹೆಣ ಸಿಕ್ಕಾಗಲೂ ರಾಡು ಅವನ ಮುಷ್ಟಿಯಲ್ಲೇ ಇತ್ತು. ಹಿಡಿ ಮಾತ್ರ ಇರಲಿಲ್ಲ. ಕಲ್ಲಿಗೆ ಬಡಿದು ಕಿತ್ತುಹೋಗಿರಬೇಕು ಎಂದರು ಜನ.

ಅಂದಿನಿಂದ ಅತ್ತೆ ಗಂಡನ ಜೊತೆ ಮಾತು ಬಿಟ್ಟರು. ಉಳಿಸಿಕೊಂಡದ್ದು ಒಂದನ್ನೇ. ಚಹಾದ ಲೋಟ ಕೈಗೆ ಕೊಡುವಾಗ ಪ್ರತಿಸಲವೂ ಹೇಳುತ್ತಿದ್ದರು:

"ಗಟ್ಟಿಯಾಗಿ ಹಿಡ್ಕೊಳ್ಳಿ. ಜಾರೀತು."

ಮಾವ ಎರಡೂ ಕೈಯಲ್ಲಿ ಲೋಟ ಹಿಡಿದು, ತಲೆ ತಗ್ಗಿಸಿ ಕುಡಿಯುತ್ತಿದ್ದರು. ಸೊಸೆ ಇದನ್ನು ಅಡುಗೆಮನೆಯ ಬಾಗಿಲಿಂದ ನೋಡುತ್ತಿದ್ದಳು. ಅವಳಿಗೆ ಬೇಕಾಗಿದ್ದುದು ಒಂದೇ ಉತ್ತರ. ಜಾರಿತೋ, ಹೆದರಿ ಬಿಟ್ಟರೋ? ಬಿಟ್ಟಿದ್ದರೆ ಈ ಮುದುಕನಿಗೆ ಬಡಿಸಿಕೊಂಡು ಒಂದೇ ಸೂರಿನಡಿ ಬಾಳುವುದು ಅವಳಿಂದಾಗದು. ಕೇಳಲು ಬಾಯಿ ಬರಲಿಲ್ಲ. ಕೋಲು, ಅಂಟು ಎಲ್ಲ ಎತ್ತಿಕೊಂಡು ಹೋಗಿ ಕಿಟಕಿಯ ಪಕ್ಕ ಅವರೆದುರು ಕೂತಳು.

"ಹೇಗೆ ಕಟ್ಟೋದು ಮಾವ?"

ಮಾವನ ಕಣ್ಣಿಗೆ ಪೊರೆ ಬಂದಿತ್ತು. ಕೋಲನ್ನು ಬೆರಳಲ್ಲೇ ತಡವಿ ನೋಡಿದರು. "ಯಾರಿಗೆ?" ಎಂದರು.

"ನಿಮಗೆ. ಅವರು ತರಿಸಿದ್ದು."

ಬೇಡ ಎನ್ನುತ್ತಾರೆ ಎಂದುಕೊಂಡಿದ್ದಳು. ಮಾವ ಕಣ್ಣೊರೆಸಿಕೊಂಡು, "ಮೊದಲು ಉಪ್ಪುಕಾಗದ ತಗೊಂಡು ಬಾ," ಎಂದರು.

ಹಿಡಿ ಕೂರುವ ಬುಡದಲ್ಲಿ ಕೋಲು ಗಾಜಿನಂತೆ ಹೊಳೆಯುತ್ತಿತ್ತು. ಅದನ್ನು ಉಜ್ಜಬೇಕಂತೆ. ಅವಳು ಉಜ್ಜಿ ತೋರಿಸಿದಳು. ಮಾವ ಹೆಬ್ಬೆರಳಾಡಿಸಿ, "ಇನ್ನೂ ನುಣುಪಿದೆ," ಎಂದರು. ಮತ್ತೆ ಉಜ್ಜಿದಳು. "ಇನ್ನೂ." ಸಾಕಲ್ಲ ಮಾವ ಎಂದಾಗ ಅವರ ದನಿ ಏರಿತು. "ಸಾಕು ಅಂತ ನೀನ್ ಹೇಳ್ಬೇಡ! ಹೊಳಪು ಒಂಚೂರೂ ಉಳೀಬಾರ್ದು. ಉಳಿದ್ರೆ ಅಂಟು ಹಿಡಿದ ಹಾಗೆ ನಟಿಸುತ್ತೆ, ಹಿಡಿಯಲ್ಲ."

ಅವಳು ಬೆಚ್ಚಿದಳು. ಮಗ ಸತ್ತ ಮೇಲೆ ಆ ಗಂಟಲಿಂದ ಅಷ್ಟು ಮಾತು ಹೊರಟಿದ್ದು ಅದೇ ಮೊದಲು.

ಹಿಡಿ ಅಂಟಿಸಿ ಒಣಗಲು ಬಿಟ್ಟರು. ಮರುದಿನ ಉಂಗುರ ಕಟ್ಟುವ ಕೆಲಸ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಟೈಲರ್ ಅಂಗಡಿ ಸೇರಿದ್ದವಳಿಗೆ ದಾರ ಕೈಯ ಮಾತು ಕೇಳುತ್ತಿತ್ತು, ಆದರೂ ಮೊದಲ ಮೂರು ಉಂಗುರ ಸೊಟ್ಟಗಾದವು. ಮಾವ ತಡವಿ ನೋಡಿ, "ಕುಡುಕರು ಸಾಲಾಗಿ ಮನೆಗೆ ಹೊರಟ ಹಾಗಿದೆ," ಎಂದರು. ಅವಳಿಗೆ ನಗು ಬಂತು. ಅವರೂ ನಕ್ಕರು. ಒಳಗಿನಿಂದ ಪಾತ್ರೆಯೊಂದು ದಡಾರನೆ ನೆಲಕ್ಕೆ ಬಿದ್ದ ಸದ್ದಾಯಿತು. ಇಬ್ಬರೂ ನಗು ನುಂಗಿಕೊಂಡರು.

"ಎರಡರ ನಡುವೆ ಎಷ್ಟು ಜಾಗ ಬಿಡ್ಬೇಕು ಮಾವ?"

"ಕಣ್ಣಿದ್ದಾಗ ಅಂದಾಜಲ್ಲೇ ಹೇಳ್ತಿದ್ದೆ. ಈಗ..."

ಅವರು ತಡೆಯುವಷ್ಟರಲ್ಲಿ ಅವಳು ಸ್ಟೂಲು ಹತ್ತಿ, ಬೀರುವಿನ ಮೇಲೆ ಸೀರೆಯಲ್ಲಿ ಸುತ್ತಿಟ್ಟಿದ್ದ ಗಂಡನ ರಾಡನ್ನು ಇಳಿಸಿದ್ದಳು. ಅಳತೆಗೆಂದೇ ಬಿಚ್ಚಿದ್ದು. ಕೈ ಮಾತ್ರ ಬುಡದಲ್ಲೇ ನಿಂತಿತು. ಹಿಡಿ ಇದ್ದ ಜಾಗ ಗಾಜಿನಂತೆ ಹೊಳೆಯುತ್ತಿತ್ತು. ಒಂದು ಗೀರಿಲ್ಲ. ಒಣಗಿದ ಅಂಟಿನ ಎಳೆಯೊಂದು ಉಗುರು ತಾಗಿದ್ದಕ್ಕೇ ಹಾವಿನ ಪೊರೆಯ ಹಾಗೆ ಇಡಿಯಾಗಿ ಎದ್ದು ಬಂತು.

ಕಲ್ಲಿಗೆ ಬಡಿದು ಕಿತ್ತದ್ದಲ್ಲ.

ಅವಳ ಗಂಡನಿಗೆ ಎಲ್ಲವೂ ಅವಸರ. ಚಹಾ ಆರುವ ತನಕವೂ ತಾಳುತ್ತಿರಲಿಲ್ಲ, ಬಾಯಿ ಸುಟ್ಟುಕೊಂಡು ಕುಣಿಯುತ್ತಿದ್ದ. ಅವಳು ಅವನಿಗೆ ಮನಸ್ಸು ಕೊಟ್ಟದ್ದೂ ಆ ಹುಡುಗಾಟಕ್ಕೇ.

"ಮಾವ," ಎಂದಳು. "ನೀವು ಬಿಡಲಿಲ್ಲ."

ಮಾವ ಕೈ ಚಾಚಿ ಹಳೆಯ ರಾಡಿನ ಬುಡ ತಡವಿದರು. "ಇದನ್ನ ಕಟ್ಟೋವಾಗ ಉಜ್ಜಿದ್ಯೇನೋ ಅಂತ ಕೇಳಿದ್ದೆ. ಹೂಂ ಅಪ್ಪ, ಆಯ್ತಪ್ಪ ಅಂದ. ನಾನೂ ನಂಬ್ದೆ. ಅವನ ಭಾರ ಕೈಗೆ ಬಂದಿತ್ತು ಕಣಮ್ಮ. ಎಳೀತಾ ಇದ್ದೆ. ಥಟ್ಟನೆ ಹಗುರ ಆಯ್ತು. ತಡವಿ ನೋಡಿದ್ರೆ ಹಿಡಿ ನನ್ನ ಕೈಯಲ್ಲೇ ಇದೆ, ಕೋಲು ಅವನ ಕೈಯಲ್ಲಿ. ಹಿಡೀನ ನೀರಿಗೆ ಎಸೆದು ಬಂದೆ."

"ಅತ್ತೆಗೆ ಹೇಳ್ತೀನಿ. ಈಗ್ಲೇ ಹೇಳ್ತೀನಿ."

"ಬೇಡ. ಕಾಲಿಗೆ ಬೀಳ್ತೀನಿ, ಬೇಡ." ಅವಳ ಸೆರಗು ಎಲ್ಲಿದೆಯೆಂದು ಗಾಳಿಯಲ್ಲಿ ತಡಕಿದರು. "ಮಗ ತನ್ನ ಕೈಯಾರೆ ಮಾಡ್ಕೊಂಡ ಅಂತ ಗೊತ್ತಾದ್ರೆ ಅವಳು ಯಾರನ್ನ ಬೈತಾಳೆ? ನನ್ನ ಬೈದಾದ್ರೂ ದಿನ ನೂಕ್ಲಿ."

ಅಡುಗೆಮನೆಯ ಕಡೆಯಿಂದ ಬಳೆಯ ಸದ್ದು ಹತ್ತಿರವಾಯಿತು. ಸೊಸೆ ಹಳೆಯ ರಾಡನ್ನು ತೊಡೆಯ ಮೇಲಿಟ್ಟುಕೊಂಡು, ಉಪ್ಪುಕಾಗದ ಮಡಿಸಿ, ಹೊಳೆಯುವ ಬುಡವನ್ನು ಉಜ್ಜತೊಡಗಿದಳು. ಬಿಳಿಯ ಪುಡಿ ಸೀರೆಯ ಮೇಲೆ ಉದುರಿತು. ಅತ್ತೆ ಲೋಟ ಹಿಡಿದು ಬಂದು ನಿಂತರು. ಮಗನ ರಾಡು ಕಂಡು ಅವರ ಮುಖ ಕಲ್ಲಾಯಿತು.

"ಅದನ್ನ್ಯಾಕೆ ಇಳಿಸಿದೆ? ಏನ್ ಮಾಡ್ತಿದ್ದೀಯ?"

"ಅಳತೆಗೆ ಬೇಕಿತ್ತು ಅತ್ತೆ," ಎಂದಳು ಸೊಸೆ, ತಲೆ ಎತ್ತದೆ. "ಬುಡದಲ್ಲಿ ಪಾಚಿ ಹಿಡಿದಿತ್ತು. ಉಜ್ಜಿಡ್ತಿದ್ದೀನಿ."

ಅತ್ತೆ ಗಂಡನ ಕಡೆ ತಿರುಗಿ ಲೋಟ ಚಾಚಿದರು.

"ಗಟ್ಟಿಯಾಗಿ ಹಿಡ್ಕೊಳ್ಳಿ. ಜಾರೀತು."

"ಹೂಂ," ಎಂದರು ಮಾವ, ಎರಡೂ ಕೈ ನೀಡಿ.

ಸೊಸೆ ಬುಡಕ್ಕೆ ಹೆಬ್ಬೆರಳಾಡಿಸಿ ನೋಡಿದಳು. ಇನ್ನೂ ನುಣುಪಿತ್ತು. ಮತ್ತೆ ಉಜ್ಜಿದಳು.