ಉಸ್ತಾದರು ಕೊಟ್ಟ ಕಂಬಳಿ

ನಾನೊಂದು ಕರಿ ಕಂಬಳಿ. ಚಳ್ಳಕೆರೆ ಕಡೆಯ ಕುರಿಗಳ ಬೆನ್ನಿನಿಂದ ಇಳಿದು, ಮಗ್ಗ ಏರಿ, ಹುಣಸೆ ಬೀಜದ ಗಂಜಿ ಕುಡಿದು ಕಂಬಳಿಯಾದೆ. ಹೊಸದರಲ್ಲಿ ಚುಚ್ಚುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಗಂಜಿ ಉದುರಿ ಮೆತ್ತಗಾಗಲು ಕಂಬಳಿಗೂ ಕಾಲ ಬೇಕು.

ದಾವಣಗೆರೆಯ ಗರಡಿಯೊಂದರ ಪೈಲ್ವಾನ ಹಾಲೇಶಪ್ಪ ನನ್ನನ್ನು ಸಂತೆಯಲ್ಲಿ ಕೊಂಡ. ಬೆಳಗಿನ ತಾಲೀಮು ಮುಗಿಸಿ, ಮುದ್ದೆ ಉಂಡು, ಬೆವರಿದ ಮೈಗೆ ಗಾಳಿ ತಾಗದಂತೆ ನನ್ನನ್ನು ಹೊದ್ದು ಮಲಗಿದನೆಂದರೆ ಅವನ ಗೊರಕೆಗೆ ಗೋಡೆಯ ಹಲ್ಲಿಗಳೂ ಬೆಚ್ಚುತ್ತಿದ್ದವು. ಎದ್ದಾಗ ಕಣ್ಣು ತಿಳಿಯಾಗಿರುತ್ತಿತ್ತು, ಮೈ ಹಗುರಾಗಿರುತ್ತಿತ್ತು. ಹಾಗೆ ನಿದ್ದೆ ಮಾಡಿದವನೇ ಬೆಳ್ಳಿ ಗದೆ ಗೆದ್ದು ತಂದ. ಪ್ರತಿ ಸಲ ಗೆದ್ದವರ ಕೈ ಸೇರುವ ಗದೆ ಅದು; ಅವನ ಪ್ರಾಯ ಇಳಿದ ಮೇಲೆ ಹಾವೇರಿಯವರ ಪಾಲಾಯಿತು.

ಹಾಲೇಶಪ್ಪ ಉಸ್ತಾದರಾದರು. ಇನ್ನು 'ಅವನು' ಎಂದರೆ ತಪ್ಪಾದೀತು. ಗದೆ ಮರಳಿ ತರುವ ಆಸೆಯನ್ನೆಲ್ಲ ಶಿಷ್ಯ ಅಂಜಿನಿಯ ಮೇಲಿಟ್ಟರು. ಹನುಮಪ್ಪನ ಪಟದ ಮುಂದೆ ನನ್ನನ್ನು ಅವನ ಹೆಗಲಿಗೆ ಹಾಕಿದರು.

"ಮಣ್ಣಾಗ ಸುರಿಸಿದ ಬೆವರು ನಿದ್ದಿಯಾಗ ಮೈಗೆ ಹತ್ತತೈತಿ ಕಣಲೇ. ನಿದ್ದಿ ಬಿಟ್ಟ ಪೈಲ್ವಾನ ಅರ್ಧ ಪೈಲ್ವಾನ."

ಅಂಜಿನಿ ಕಾಲಿಗೆ ಬಿದ್ದ. ಮಧ್ಯಾಹ್ನ ನನ್ನನ್ನು ತಲೆತುಂಬ ಹೊದ್ದು ಒಳಗೆ ಮೊಬೈಲು ಹಚ್ಚಿದ. ಮೊದಲು ಎದುರಾಳಿಗಳ ಪಟ್ಟು ನೋಡಿದ. ಆಮೇಲೆ ತನ್ನದೇ ಕುಸ್ತಿ, ಅದಕ್ಕೆ ಜನ ಬರೆದ ಶಹಬ್ಬಾಸ್. ರಾತ್ರಿಯೂ ಅದೇ ಪಾಡು. ನನ್ನ ಉಣ್ಣೆ ದಪ್ಪ, ಬೆಳಕು ಹೊರಗೆ ಬೀಳದು. ಉಸ್ತಾದರು ಬಂದು ನೋಡಿ, "ಸದ್ದು ಮಾಡಬ್ಯಾಡ್ರಲೇ, ಅಂಜಿನಿ ಮಲಗ್ಯಾನ" ಎಂದು ಉಳಿದವರನ್ನು ಗದರುತ್ತಿದ್ದರು. ನಿದ್ದೆಗೆಂದೇ ಹುಟ್ಟಿದ ನನ್ನನ್ನು ಅವನು ಸುಳ್ಳಿಗೆ ಮರೆ ಮಾಡಿಕೊಂಡನಲ್ಲ!

ಗದೆಯ ಕುಸ್ತಿಯ ದಿನ ಅವನ ಹೆಗಲೇರಿಯೇ ಹೋದೆ, ಅಖಾಡದ ಅಂಚಿನಲ್ಲಿ ಬಿದ್ದು ನೋಡಿದೆ. ಅಂಜಿನಿಯ ಕೈ ಸರಿಯಾದ ಕಡೆಗೇ ಹೋಗುತ್ತಿತ್ತು, ಆದರೆ ಒಂದು ಗಳಿಗೆ ತಡವಾಗಿ. ಆ ಒಂದು ಗಳಿಗೆಯಲ್ಲೇ ಹಾವೇರಿಯ ಪೈಲ್ವಾನ ಅವನನ್ನು ಚಿತ್ ಮಾಡಿದ.

"ಏನಾತಲೇ? ಕಣ್ಣು ಕೆಂಡ ಆಗ್ಯಾವಲ್ಲ?" ಎಂದರು ಉಸ್ತಾದರು.

"ನಿದ್ದಿನೇ ಬರಲ್ರೀ ಉಸ್ತಾದ್ರೇ. ಈ ಕಂಬಳಿ ಚುಚ್ಚತೈತ್ರೀ."

ಕುಣಿಯಲಾರದವಳಿಗೆ ನೆಲ ಡೊಂಕಂತೆ. ನಾನು ಹೆದರಲಿಲ್ಲ. ನಾನೆಷ್ಟು ಮೆತ್ತಗೆಂದು ಹಾಲೇಶಪ್ಪನವರಿಗಿಂತ ಬಲ್ಲವರು ಯಾರು? ಅವರು ನನ್ನ ಮೇಲೆ ಅಂಗೈ ಆಡಿಸಿದರು. ಅವರದೇ ಭುಜ ಉಜ್ಜಿ ಸವೆಸಿದ ಜಾಗಕ್ಕೆ ಬಂದಾಗ ಕೈ ನಿಂತಿತು. ಅವರಿಗೆ ತಿಳಿಯಿತು. ಶಿಷ್ಯನ ಮುಖ ನೋಡಿದರು, ದೂರದಲ್ಲಿ ಹೋಗುತ್ತಿದ್ದ ಗದೆಯನ್ನೂ ನೋಡಿದರು.

"ಹೌದ್ ಬಿಡು, ಚುಚ್ಚತೈತಿ. ಹತ್ತಿ ಹಾಸಿಗಿ ಹೊಲಿಸಿದರಾತು" ಎಂದರು.

ಅಂಜಿನಿಯ ಮಾತು ಬರೀ ಸುಳ್ಳು, ಹೇಗೋ ನುಂಗಿಕೊಂಡೆ. ಉಸ್ತಾದರದು ನಂಬಿಕೆದ್ರೋಹ. ಅದು ಇವತ್ತಿಗೂ ಗಂಟಲಲ್ಲೇ ಇದೆ.

ಈಗ ನಾನು ಗರಡಿಯ ಬಾಗಿಲಲ್ಲಿ ಕಾಲೊರಸು. ಕೆಮ್ಮಣ್ಣಿನ ಪಾದಗಳನ್ನು ಕೆಳಗಿನಿಂದ ನೋಡುತ್ತ ಬಿದ್ದಿದ್ದೇನೆ. ಮತ್ತೆ ಗದೆಯ ಕುಸ್ತಿ ಹತ್ತಿರ ಬಂದಿದೆ. ಒಳಗೆ ಹೊಸ ಹಾಸಿಗೆಯ ಮೇಲೆ ಅಂಜಿನಿ ತೆಳ್ಳನೆಯ ಹೊದಿಕೆ ಎಳೆದುಕೊಂಡಿದ್ದಾನೆ. ಅದರೊಳಗೆ ಬೆಳಕು ಮಿಣುಗುವುದು ನೆಲದಲ್ಲಿರುವ ನನಗೂ ಕಾಣುತ್ತದೆ. ಉಸ್ತಾದರು ಬರುತ್ತಾರೆ, ಒಂದು ಗಳಿಗೆ ಅತ್ತ ನೋಡುತ್ತಾರೆ. ಆಮೇಲೆ ನನ್ನ ಮೇಲೆ ಕಾಲಿಟ್ಟು, ಅವನ ನಿದ್ದೆ ಕೆಟ್ಟೀತೆಂದು ತುದಿಗಾಲಲ್ಲಿ ದಾಟಿಹೋಗುತ್ತಾರೆ.